ಅಗಸ್ತ್ಯನ ಹಾದಿಯಲ್ಲಿ ಒಬ್ಬ ಖಗೋಳಜ್ಞ

ಕಾರ್ತಿಕ ಮಾಸವು ಕನ್ನಡಿಗರಿಗೆ ಎರಡು ಬಗೆಯಲ್ಲಿ ಪ್ರಿಯವಾದುದು. ದೀಪಗಳ ಸಾಲು ಒಂದು ಕಡೆ. ನಾಡಹಬ್ಬದ ಸಂಭ್ರಮ ಇನ್ನೊಂದು ಕಡೆ. ಈ ಮಾಸಕ್ಕೆ ಹೆಸರನ್ನಿತ್ತ ಕೃತ್ತಿಕೆಯನ್ನು ದೆಹಲಿಯ ಮಹಡಿಯ ಮೇಲಿಂದ ಕಾಣುವುದು ಈಗ ಸುಲಭವಲ್ಲ. ನವೆಂಬರಿನ ಹೊಗೆಮಂಜು ಎದ್ದಿತೆಂದರೆ ಚಂದ್ರನೇ ಮಸುಕು. ಆದರೂ ಒಳ್ಳೆಯ ಗಾಳಿ ಬೀಸಿ ಆಕಾಶ ತಿಳಿಯಾದ ರಾತ್ರಿಯಲ್ಲಿ ಪೂರ್ವ ದಿಕ್ಕಿಗೆ ಮೊಗವಿಟ್ಟು ನಿಂತರೆ, ಹಿಡಿಯಷ್ಟು ಚುಕ್ಕಿಗಳು ಒತ್ತಾಗಿ ಕೂಡಿದಂತಿರುವ ಆ ಪುಂಜ ಇಂದಿಗೂ ಕಣ್ಣಿಗೆ ಬೀಳುವುದುಂಟು.

ಇಂಥ ಪುಂಜಕ್ಕೆ ಖಗೋಳಜ್ಞರು ತೆರೆದ ತಾರಾಗುಚ್ಛವೆಂದು ಹೆಸರಿಟ್ಟಿದ್ದಾರೆ. ಒಂದೇ ಅನಿಲಮೇಘದ ಒಡಲಿನಿಂದ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಹುಟ್ಟಿ, ಕೆಲಕಾಲ ಒಟ್ಟಿಗೆ ಬಾಳಿ, ತರುವಾಯ ನಿಧಾನವಾಗಿ ಚದುರಿಹೋಗುವ ನಕ್ಷತ್ರಗಳ ಕುಟುಂಬವದು. ಕೂಡುಕುಟುಂಬದಿಂದ ಹೊರಟು ಊರೂರಿಗೆ ಹಂಚಿಹೋದ ನಮ್ಮಂಥವರಿಗೆ ಈ ಸಂಗತಿಯನ್ನು ಬಿಡಿಸಿ ಹೇಳಬೇಕಾಗಿಲ್ಲವಷ್ಟೆ.

ಕೃತ್ತಿಕೆಯು ನಮ್ಮದೇ ಕ್ಷೀರಪಥದೊಳಗಿನದು. ನಾನೂರು ಚಿಲ್ಲರೆ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಕ್ಷೀರಪಥಕ್ಕೆ ಹೊರಗೆ, ನೆರೆಮನೆಯೆಂಬಂತೆ, ಎರಡು ಚಿಕ್ಕ ಗೆಲಾಕ್ಸಿಗಳಿವೆ. ಹಡಗುಗಾರ ಮೆಗೆಲನ್ನನ ಹೆಸರಿನಿಂದ ಅವನ್ನು ದೊಡ್ಡ ಮತ್ತು ಚಿಕ್ಕ ಮೆಗೆಲನ್ ಮೇಘಗಳೆಂದು ಕರೆಯುತ್ತಾರೆ. ದೊಡ್ಡದು ಸುಮಾರು 1,60,000 ಜ್ಯೋತಿರ್ವರ್ಷ, ಚಿಕ್ಕದು ಸುಮಾರು 2,00,000 ಜ್ಯೋತಿರ್ವರ್ಷ ದೂರ. ಅಲ್ಲಿಯೂ ಕೃತ್ತಿಕೆಯಂಥ ಗುಚ್ಛಗಳು ಸಾವಿರಾರು ಇವೆ. ಆದರೆ ದೆಹಲಿಯ ನಿವಾಸಿಗಳಿಗೆ ಅವುಗಳ ದರ್ಶನ ಲಭ್ಯವಿಲ್ಲ. ಹೊಗೆ ಕಾರಣವಲ್ಲ, ಭೂಮಿಯ ದುಂಡುತನವೇ ಕಾರಣ. ದೆಹಲಿಯು ಭೂಮಧ್ಯರೇಖೆಯಿಂದ ಇಪ್ಪತ್ತೆಂಟೂವರೆ ಅಂಶಕ್ಕೂ ಮಿಕ್ಕಿ ಉತ್ತರದಲ್ಲಿರುವುದರಿಂದ, ಆ ಮೇಘಗಳು ಇಲ್ಲಿ ಉದಯಿಸುವುದೇ ಇಲ್ಲ.

ಅಗಸ್ತ್ಯ ನಕ್ಷತ್ರವನ್ನು ಬಲ್ಲವರಿಗೆ ಒಂದು ಲೆಕ್ಕವನ್ನು ಕೊಡುತ್ತೇವೆ. ದೆಹಲಿಯಲ್ಲಿ ಅಗಸ್ತ್ಯನು ದಕ್ಷಿಣ ದಿಗಂತದಿಂದ ಒಂಬತ್ತು ಅಂಶದೊಳಗೇ ಏರಿ ಇಳಿದುಬಿಡುತ್ತಾನೆ. ಬೆಂಗಳೂರಿನಲ್ಲಾದರೋ ಅವನು ಇಪ್ಪತ್ತನಾಲ್ಕು ಅಂಶದವರೆಗೆ ಏರುವನು; ಅವನ ಕೆಳಗೆ, ಏಳು ಅಂಶದಷ್ಟು ಎತ್ತರದಲ್ಲಿ, ದೊಡ್ಡ ಮೆಗೆಲನ್ ಮೇಘವು ಡಿಸೆಂಬರಿನ ನಡುರಾತ್ರಿ ದಿಗಂತವನ್ನು ಸವರಿಕೊಂಡು ಹೋಗುತ್ತದೆ. ದಕ್ಷಿಣಕ್ಕೆ ಹೋದಷ್ಟೂ ಆಕಾಶ ಹೆಚ್ಚು ದೊರೆಯುತ್ತದೆಂಬುದು ಇದರ ತಾತ್ಪರ್ಯ. ಈ ಸರಳವಾದ ಸತ್ಯವನ್ನು ಹಿಡಿದು, ಹಿಮಾಲಯದ ತಪ್ಪಲಿನಿಂದ ದಕ್ಷಿಣಕ್ಕೆ ಇಳಿದು, ಭಾರತದ ಖಗೋಳ ವಿಜ್ಞಾನಕ್ಕೆ ಹೊಸ ನೆಲೆಯನ್ನು ಕಟ್ಟಿಕೊಟ್ಟ ಮಹನೀಯರು ಡಾಕ್ಟರ್ ವೈನು ಬಾಪ್ಪು. ಅವರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇವೆ.

ಅವರು ಹುಟ್ಟಿನಿಂದ ಕನ್ನಡಿಗರಲ್ಲ, ಮಲಯಾಳಿ ಮನೆತನದವರು. ರಾಜ್ಯೋತ್ಸವದ ಸಂಚಿಕೆಯಲ್ಲಿ ಅವರ ಚರಿತ್ರೆಗೆ ಎಡೆಯೇಕೆಂದು ಯಾರಾದರೂ ಕೇಳಬಹುದು. ಅವರು ಕಟ್ಟಿದ ಸಂಸ್ಥೆಯ ಕೇಂದ್ರವು ಬೆಂಗಳೂರಿನ ಕೋರಮಂಗಲದಲ್ಲಿದೆ. ಅವರ ಬಾಳಿನ ದೊಡ್ಡ ಕನಸಾಗಿದ್ದ ದರ್ಪಣವು ಸಾಣೆ ಹಿಡಿದುಕೊಂಡದ್ದು ನಮ್ಮ ನಾಡಿನ ಮಣ್ಣಿನ ಮೇಲೆ. ತನ್ನದಲ್ಲದ ಊರನ್ನು ಕೆಲಸದಿಂದ ತನ್ನದಾಗಿ ಮಾಡಿಕೊಂಡವರ ಕಥೆಯನ್ನು ದೆಹಲಿಯ ಕನ್ನಡಿಗರು ಕೇಳದಿದ್ದರೆ ಮತ್ತಾರು ಕೇಳಬೇಕು?

ಮನಾಲಿ ಕಲ್ಲಾಟ್ ವೈನು ಬಾಪ್ಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೇಧಶಾಲೆಯಲ್ಲಿ ಸಹಾಯಕರಾಗಿದ್ದರು. ಹೀಗಾಗಿ ಬೇರೆ ಮಕ್ಕಳು ಅಜ್ಜಿಯ ಮಡಿಲಲ್ಲಿ ನಕ್ಷತ್ರಗಳ ಕಥೆ ಕೇಳುವ ವಯಸ್ಸಿನಲ್ಲಿ ಈ ಬಾಲಕನಿಗೆ ದೂರದರ್ಶಕದ ಗೂಡೇ ಆಟದ ಮನೆಯಾಯಿತು. ನಿಜಾಮ್ ಕಾಲೇಜಿನಲ್ಲಿ ಓದು ಮುಂದುವರಿಯಿತು. ಭೌತಶಾಸ್ತ್ರದಲ್ಲಿ ಉನ್ನತ ಪದವಿ ದೊರೆಯಿತು. ಉರ್ದು ಕಾವ್ಯದ ರುಚಿಯೂ ಚಿತ್ರಕಲೆ ಮತ್ತು ತೋಟಗಾರಿಕೆಯ ಪ್ರೀತಿಯೂ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

1949ರಲ್ಲಿ ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಅಲ್ಲಿಗೆ ಹೋಗಿ ಕೆಲವೇ ತಿಂಗಳಾಗಿತ್ತು. ಜುಲೈ ತಿಂಗಳ ಒಂದು ರಾತ್ರಿ ತೆಗೆದ ಛಾಯಾಚಿತ್ರದ ಗಾಜಿನ ಫಲಕವನ್ನು ಪರೀಕ್ಷಿಸುತ್ತಿರುವಾಗ, ಹಿಂದೆ ಯಾರೂ ಗುರುತಿಸದಿದ್ದ ಧೂಮಕೇತುವೊಂದು ಅದರಲ್ಲಿ ಸಿಕ್ಕಿತು. ಗುರುಗಳಾದ ಬಾರ್ಟ್ ಬಾಕ್ ಹಾಗೂ ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅವರ ನೆರವಿನಿಂದ ಅದು ಖಚಿತವಾಯಿತು. ಮೂವರ ಹೆಸರನ್ನೂ ಹೊತ್ತ ಆ ಧೂಮಕೇತುವು ಸೂರ್ಯನ ಬಳಿಗೆ ಮತ್ತೆ ಬರಲು ಸುಮಾರು 60,000 ವರ್ಷ ಬೇಕೆಂದು ಲೆಕ್ಕ ಹಾಕಿದರು. ಇಪ್ಪತ್ತೆರಡು ತುಂಬುವ ಮೊದಲೇ ಭಾರತೀಯ ತರುಣನ ಹೆಸರು ಆಕಾಶದಲ್ಲಿ ಬರೆಯಲ್ಪಟ್ಟಿತು.

ಹಾರ್ವರ್ಡ್ ವೇಧಶಾಲೆಗೂ ಮೆಗೆಲನ್ ಮೇಘಗಳಿಗೂ ಹಳೆಯ ನಂಟು. ಆ ಸಂಸ್ಥೆಯು ದಕ್ಷಿಣಾರ್ಧಗೋಳದಲ್ಲಿ, ಮೊದಲು ಪೆರು ದೇಶದಲ್ಲಿಯೂ ತರುವಾಯ ದಕ್ಷಿಣ ಆಫ್ರಿಕದಲ್ಲಿಯೂ, ಕ್ಯಾಮೆರಾಗಳನ್ನಿಟ್ಟು ಆ ಮೇಘಗಳ ಚಿತ್ರಗಳನ್ನು ತೆಗೆಸುತ್ತಿದ್ದಿತು. ಆ ಫಲಕಗಳ ಮುಂದೆ ಕುಳಿತು ಹೆನ್ರಿಯೆಟಾ ಲೆವಿಟ್ ಎಂಬ ಕಿವಿ ಕೇಳದ ಮಹಿಳೆಯು, ಗಂಟೆಗೆ 30 ಸೆಂಟ್ ಸಂಬಳದಲ್ಲಿ, ಬೆಳಕು ಏರಿಳಿಯುವ 1777 ನಕ್ಷತ್ರಗಳನ್ನು ಪಟ್ಟಿಮಾಡಿ 1908ರಲ್ಲಿ ಪ್ರಕಟಿಸಿದಳು. ಅವುಗಳಲ್ಲಿ ಕೆಲವದರ ಏರಿಳಿತದ ಅವಧಿಗೂ ನಿಜವಾದ ಕಾಂತಿಗೂ ಸಂಬಂಧವಿದೆಯೆಂದು ತೋರಿಸಿ, ಗೆಲಾಕ್ಸಿಗಳ ದೂರವನ್ನಳೆಯುವ ಕೋಲನ್ನು 1912ರಲ್ಲಿ ಜಗತ್ತಿನ ಕೈಗಿತ್ತಳು. ದಿನವಿಡೀ ಅಂಕಿಗಳ ಸಾಲಿನ ಮುಂದೆ ಕೂರುವ ನಮ್ಮಂಥ ಗುಮಾಸ್ತರಿಗೆ ಈ ತಾಯಿಯ ಮೇಲೆ ವಿಶೇಷ ಗೌರವವಿರುವುದು ಸಹಜವೇ. ಆಕೆ 1921ರಲ್ಲಿ ತೀರಿಕೊಂಡಿದ್ದಳು. ಬಾಪ್ಪು ಅವರು ಹೋದ ಕಾಲಕ್ಕೆ ವೇಧಶಾಲೆಯ ಮುಖ್ಯಸ್ಥರಾಗಿದ್ದ ಹಾರ್ಲೋ ಶೇಪ್ಲಿಯವರೂ ಮೆಗೆಲನ್ ಮೇಘಗಳ ಅಧ್ಯಯನಕ್ಕೆ ಹೆಸರಾದವರೇ.

ಬಾಪ್ಪು ಅವರ ಮನಸ್ಸನ್ನು ಹಿಡಿದದ್ದು ವುಲ್ಫ್-ರಾಯೆ ಎಂಬ ಜಾತಿಯ ನಕ್ಷತ್ರಗಳು. ಇವು ಬಹು ಭಾರವುಳ್ಳವು, ಬಹು ಬಿಸಿಯಾದವು. ತಮ್ಮ ಮೈಯ ದ್ರವ್ಯವನ್ನೇ ಬಿರುಗಾಳಿಯಂತೆ ಹೊರಕ್ಕೆ ಚೆಲ್ಲುತ್ತ ಬೇಗನೆ ಬಾಳು ಮುಗಿಸುವಂಥವು. ದುಂದುಗಾರನ ಮನೆಯಂತೆ ಇವುಗಳ ವೈಭವ ದೊಡ್ಡದು, ಆಯುಸ್ಸು ಚಿಕ್ಕದು. ಆದುದರಿಂದ ಇವು ಹೆಚ್ಚಾಗಿ ಸಿಗುವುದು ಎಳೆಯ ತಾರಾಗುಚ್ಛಗಳಲ್ಲಿ. ಹುಟ್ಟಿದ ಮನೆಯನ್ನು ಬಿಟ್ಟು ದೂರ ಹೋಗುವಷ್ಟು ಕಾಲ ಅವಕ್ಕೆ ದೊರೆಯುವುದಿಲ್ಲ. ದೊಡ್ಡ ಮೆಗೆಲನ್ ಮೇಘದಲ್ಲಿ, ಅಬೆ ಲಕಾಯ್ ಎಂಬ ಫ್ರೆಂಚ್ ಖಗೋಳಜ್ಞನು ಹದಿನೆಂಟನೆಯ ಶತಮಾನದಲ್ಲಿ ಆಫ್ರಿಕದ ದಕ್ಷಿಣ ತುದಿಯಿಂದ ನೋಡಿ ಪಟ್ಟಿಯಲ್ಲಿ ಬರೆದಿಟ್ಟ ಒಂದು ಗುಚ್ಛವಿದೆ. ಎನ್‌ಜಿಸಿ 2070 ಎಂಬುದು ಅದರ ಈಗಿನ ಸಂಖ್ಯೆ. ಅದರ ನಟ್ಟನಡುವೆ ಮಿನುಗುವ ಒಂದು ಚುಕ್ಕಿಯನ್ನು ಒಂದೇ ದೈತ್ಯನಕ್ಷತ್ರವೆಂದು 1980ರ ಸುಮಾರಿಗೆ ಹಲವರು ಬಗೆದಿದ್ದರು. ಅದು ಒಂದಲ್ಲ, ಒತ್ತೊತ್ತಾಗಿ ನೆರೆದ ಹಲವು ಎಂದು 1985ರಲ್ಲಿ ಬಿಡಿಸಿ ತೋರಿಸಲಾಯಿತು. ಹಾಗೆ ಬಿಡಿಯಾದವುಗಳಲ್ಲಿಯೂ ಸೂರ್ಯನ ನೂರು ಪಟ್ಟಿಗಿಂತ ಮಿಕ್ಕ ತೂಕದವು ಇವೆ. ಅವುಗಳ ರೋಹಿತವು ವುಲ್ಫ್-ರಾಯೆ ಜಾತಿಯದು.

1952ರಲ್ಲಿ ಡಾಕ್ಟರೇಟ್ ಬಂದಿತು. ಕಾರ್ನೆಗಿ ಸಂಸ್ಥೆಯ ಫೆಲೋಷಿಪ್ ಮೊದಲ ಸಲ ಭಾರತೀಯನೊಬ್ಬನಿಗೆ ದೊರೆತು, ಬಾಪ್ಪು ಅವರು ಕ್ಯಾಲಿಫೋರ್ನಿಯದ ಪಾಲೊಮಾರ್ ಪರ್ವತಕ್ಕೆ ಹೋದರು. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ದೊಡ್ಡದಾದ 200 ಅಂಗುಲದ ದೂರದರ್ಶಕವು ಅಲ್ಲಿದ್ದಿತು. ಅಲ್ಲಿ ಓಲಿನ್ ವಿಲ್ಸನ್ ಅವರ ಜತೆಗೂಡಿ ನಡೆಸಿದ ಸಂಶೋಧನೆಯು 1957ರಲ್ಲಿ ಪ್ರಕಟವಾಗಿ, ವಿಲ್ಸನ್-ಬಾಪ್ಪು ಪರಿಣಾಮವೆಂದು ಪ್ರಸಿದ್ಧವಾಯಿತು. ವಿಷಯವಿಷ್ಟೆ: ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಮ್ ಧಾತುವಿನ ಕಪ್ಪು ಗೆರೆಯೊಂದಿದೆ, ಅದರ ಮಧ್ಯದಲ್ಲಿ ಸಣ್ಣದೊಂದು ಬೆಳಕಿನ ಎಳೆ. ಆ ಎಳೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಕಾಂತಿ ಹೆಚ್ಚು. ನಿಜವಾದ ಕಾಂತಿಯನ್ನೂ ಕಣ್ಣಿಗೆ ತೋರುವ ಕಾಂತಿಯನ್ನೂ ತೂಗಿ ನೋಡಿದರೆ ದೂರ ತಿಳಿಯುತ್ತದೆ. ಲೆವಿಟ್ ಕೊಟ್ಟದ್ದು ಒಂದು ಅಳತೆಗೋಲಾದರೆ ಇದು ಇನ್ನೊಂದು.

ಇಷ್ಟು ಕೀರ್ತಿ ಕೈಗೂಡುತ್ತಿದ್ದ ತರುಣನಿಗೆ ಅಲ್ಲಿಯೇ ನೆಲೆಸುವ ಆಸೆ ಹುಟ್ಟಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಬಾಪ್ಪು ಅವರು 1953ರಲ್ಲಿ ಸ್ವದೇಶಕ್ಕೆ ಮರಳಿದರು. ಜಗತ್ತಿನ ಅತಿ ದೊಡ್ಡ ದೂರದರ್ಶಕವನ್ನು ಕಂಡ ಕಣ್ಣಿಗೆ ಇಲ್ಲಿ ಕಾಣಿಸಿದುದೇನು? ಉತ್ತರಪ್ರದೇಶ ಸರಕಾರವು 1954ರಲ್ಲಿ ವಾರಾಣಸಿಯಲ್ಲಿ ಆರಂಭಿಸಿದ್ದ ಪುಟ್ಟ ವೇಧಶಾಲೆಯೊಂದು. ಅದೇ ವರ್ಷದ ನವೆಂಬರಿನಲ್ಲಿ ಅವರು ಅದರ ಮುಖ್ಯ ಖಗೋಳಜ್ಞರಾದರು. ವಾರಾಣಸಿಯ ಧೂಳು ನಕ್ಷತ್ರವೀಕ್ಷಣೆಗೆ ತಕ್ಕುದಲ್ಲವಾದ್ದರಿಂದ ವೇಧಶಾಲೆಯು 1955ರಲ್ಲಿ ನೈನಿತಾಲಿಗೆ ಹೋಯಿತು. ಮುಂದೆ 1961ರಲ್ಲಿ ಅಲ್ಲಿಯ ಮನೋರಾ ಶಿಖರದ ಮೇಲೆ ನೆಲೆಗೊಂಡಿತು. ದೆಹಲಿಯಿಂದ ಬೇಸಗೆಯಲ್ಲಿ ನೈನಿತಾಲಿಗೆ ಓಡುವ ನಮ್ಮವರು ಸರೋವರದಲ್ಲಿ ದೋಣಿ ವಿಹಾರ ಮಾಡಿ ಮರಳುವರೇ ಹೊರತು, ಹತ್ತಿರದ ಆ ಶಿಖರದ ಇತಿಹಾಸವನ್ನು ವಿಚಾರಿಸುವವರು ವಿರಳ.

1960ರಲ್ಲಿ, ಇನ್ನೂ ಮೂವತ್ತಮೂರು ತುಂಬುವ ಮೊದಲೇ, ಅವರನ್ನು ಕೊಡೈಕೆನಾಲ್ ವೇಧಶಾಲೆಯ ನಿರ್ದೇಶಕರನ್ನಾಗಿ ಕರೆದರು. ಅದು 1899ರಲ್ಲಿ ಸ್ಥಾಪಿತವಾಗಿ ಸೂರ್ಯನ ಅಧ್ಯಯನಕ್ಕೆ ಹೆಸರುವಾಸಿಯಾಗಿದ್ದ ಹಳೆಯ ಸಂಸ್ಥೆ. ಹವಾಮಾನ ಇಲಾಖೆಗೆ ಸೇರಿದುದು. ಇದ್ದುದನ್ನು ಇದ್ದಂತೆ ನಡೆಸಿಕೊಂಡು ಹೋಗುವುದು ಸುಖದ ಮಾರ್ಗವಾಗಿತ್ತು. ಆದರೆ ಬಾಪ್ಪು ಅವರಿಗೆ ಹಗಲಿನ ಸೂರ್ಯನೊಬ್ಬನೇ ಸಾಲದಾದನು. ರಾತ್ರಿಯ ಆಕಾಶಕ್ಕೆ ತಕ್ಕ ಸ್ಥಳವನ್ನು ದಕ್ಷಿಣದಲ್ಲಿ ಹುಡುಕಲು ಅವರು ತೊಡಗಿದರು.

ದಕ್ಷಿಣವೇ ಏಕೆಂಬುದನ್ನು ಮೇಲೆ ಹೇಳಿದ ಅಗಸ್ತ್ಯನ ಲೆಕ್ಕವೇ ತಿಳಿಸುತ್ತದೆ. ಯೂರೋಪು ಅಮೆರಿಕಗಳ ದೊಡ್ಡ ವೇಧಶಾಲೆಗಳು ಬಹುಮಟ್ಟಿಗೆ ಉತ್ತರದಲ್ಲಿದ್ದವು. ಭೂಮಧ್ಯರೇಖೆಗೆ ಸಮೀಪವಾದ ಸ್ಥಳದಿಂದ ಉತ್ತರದ ಆಕಾಶವೂ ದಕ್ಷಿಣದ ಆಕಾಶದ ಬಹುಭಾಗವೂ ಎರಡೂ ದೊರೆಯುವುವು. ಹಲವು ಬೆಟ್ಟಗಳನ್ನು ಪರಿಶೀಲಿಸಿದ ಮೇಲೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ನಡುವಿನ ಕಾವಲೂರೆಂಬ ಹಳ್ಳಿಯು ಆಯ್ಕೆಯಾಯಿತು. ಹನ್ನೆರಡೂವರೆ ಅಂಶದ ಅಕ್ಷಾಂಶ. 725 ಮೀಟರ್ ಎತ್ತರ. ಬೆಂಗಳೂರಿನಿಂದ ಸುಮಾರು 200 ಕಿಲೋಮೀಟರ್. ಸುತ್ತಲೂ ಕಾಡು, ಪಟ್ಟಣದ ದೀಪಗಳ ಕಾಟವಿಲ್ಲ. ವಿಂಧ್ಯವನ್ನು ದಾಟಿ ಬಂದ ಅಗಸ್ತ್ಯ ಮುನಿಯು ದಕ್ಷಿಣದಲ್ಲೇ ನಿಂತನೆಂದು ಪುರಾಣ ಹೇಳುತ್ತದೆ. ಬಾಪ್ಪು ಅವರೂ ಹಾಗೆಯೇ ನಿಂತರು.

1968ರಲ್ಲಿ ಅಲ್ಲಿ ಮೊದಲು ಕಣ್ತೆರೆದದ್ದು ಕೊಡೈಕೆನಾಲಿನ ಕಾರ್ಯಾಗಾರದಲ್ಲಿ ತಯಾರಾದ 38 ಸೆಂಟಿಮೀಟರಿನ ಸಣ್ಣ ದೂರದರ್ಶಕ. 1972ರಲ್ಲಿ ಜರ್ಮನಿಯ ಯೇನಾದಿಂದ ಒಂದು ಮೀಟರಿನ ದೂರದರ್ಶಕ ಬಂದಿತು. ಅದೇ ವರ್ಷ ಗುರುಗ್ರಹದ ಚಂದ್ರನಾದ ಗ್ಯಾನಿಮೀಡ್ ಒಂದು ನಕ್ಷತ್ರವನ್ನು ಮರೆಮಾಡಿದಾಗ, ಆ ಚಂದ್ರನಿಗೆ ತೆಳುವಾದ ವಾತಾವರಣವಿರುವ ಸುಳಿವನ್ನು ಕಂಡ ವೀಕ್ಷಣೆಗಳಲ್ಲಿ ಕಾವಲೂರಿನದೂ ಒಂದಾಗಿದ್ದಿತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹಕ್ಕೆ ಉಂಗುರಗಳಿವೆಯೆಂದು ಜಗತ್ತಿಗೆ ತಿಳಿದ ರಾತ್ರಿಯಲ್ಲಿಯೂ ಕಾವಲೂರು ಆ ನಕ್ಷತ್ರದ ಬೆಳಕಿನ ತಗ್ಗನ್ನು ದಾಖಲೆ ಮಾಡಿತು.

ಈ ನಡುವೆ ಆಡಳಿತದ ಕೆಲಸವೂ ಕಡಮೆಯದಾಗಿರಲಿಲ್ಲ. ಹವಾಮಾನ ಇಲಾಖೆಯ ಒಂದು ಅಂಗವಾಗಿದ್ದ ಕೊಡೈಕೆನಾಲ್ ವೇಧಶಾಲೆಯು 1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯೆಂಬ ಸ್ವತಂತ್ರ ಸಂಸ್ಥೆಯಾಯಿತು. ಮುಂದೆ ಅದರ ಕೇಂದ್ರ ಬೆಂಗಳೂರಿಗೆ ಬಂದಿತು. ಸರಕಾರಿ ಕಡತಗಳ ನಡಿಗೆಯನ್ನು ಬಲ್ಲ ದೆಹಲಿಯ ವಾಚಕರಿಗೆ, ಒಂದು ಇಲಾಖೆಯಿಂದ ಒಂದು ಸಂಸ್ಥೆಯನ್ನು ಬಿಡಿಸಿ ತನ್ನ ಕಾಲ ಮೇಲೆ ನಿಲ್ಲಿಸುವುದೆಂದರೆ ಏನೆಂದು ವಿವರಿಸಬೇಕಾದುದಿಲ್ಲ. 1970ರಲ್ಲಿ ಭಟ್ನಾಗರ್ ಪ್ರಶಸ್ತಿಯೂ 1981ರಲ್ಲಿ ಪದ್ಮಭೂಷಣವೂ ಅವರಿಗೆ ದೊರೆತವು. 1979ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿ ಅವರು ಆರಿಸಲ್ಪಟ್ಟರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯರು ಅವರು.

ಆದರೆ ಅವರ ಹೃದಯದಲ್ಲಿದ್ದುದು ಬೇರೊಂದು ಬಯಕೆ: 2.34 ಮೀಟರ್ ದರ್ಪಣದ ದೊಡ್ಡ ದೂರದರ್ಶಕವನ್ನು ಭಾರತದಲ್ಲೇ ಕಟ್ಟಬೇಕು. ಹಣ ಕೊಟ್ಟು ಪೂರ್ತಿ ಯಂತ್ರವನ್ನೇ ಹೊರಗಿನಿಂದ ತರಿಸುವುದಾಗಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಕಲಿತ ಕೈಗಳು ಮಾತ್ರ ಉಳಿಯುತ್ತಿರಲಿಲ್ಲ. ಗಾಜಿನ ಬಿಲ್ಲೆಯು ಜರ್ಮನಿಯಿಂದ ಬಂದಿತು. ಅದನ್ನು ಅರೆದು, ಬಾಗಿಸಿ, ಹೊಳಪು ಕೊಡುವ ಕೆಲಸವು ಬೆಂಗಳೂರಿನ ಸಂಸ್ಥೆಯಲ್ಲಿ ನಡೆಯಿತು. ಕೂದಲೆಳೆಯ ದಪ್ಪದ ನೂರರಲ್ಲೊಂದು ಪಾಲಿನಷ್ಟು ಉಬ್ಬುತಗ್ಗು ಉಳಿದರೂ ಇಂಥ ದರ್ಪಣದಲ್ಲಿ ನಕ್ಷತ್ರವು ಕದಡಿಹೋಗುತ್ತದೆ. ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಹೀಗೆ ವರ್ಷಗಳು ಉರುಳಿದವು.

1982ರ ಆಗಸ್ಟ್ ತಿಂಗಳಿನಲ್ಲಿ ಗ್ರೀಸ್ ದೇಶದ ಪ್ಯಾಟ್ರಸ್ ನಗರದಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಮಹಾಸಭೆಯು ಸೇರುವುದಿತ್ತು. ಅಧ್ಯಕ್ಷಪೀಠದಲ್ಲಿ ಕುಳಿತಿರಬೇಕಾದ ಬಾಪ್ಪು ಅವರು ಜರ್ಮನಿಯ ಮ್ಯೂನಿಕ್ ನಗರದ ಆಸ್ಪತ್ರೆಯಲ್ಲಿ ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದರು. ಮಹಾಸಭೆ ಆರಂಭವಾಗಿ ಎರಡು ದಿನ ಕಳೆದಿತ್ತು. ಆಗಸ್ಟ್ 19ರಂದು ಅವರು ತೀರಿಕೊಂಡರು. ಐವತ್ತೈದು ತುಂಬಿ ಒಂಬತ್ತೇ ದಿನವಾಗಿದ್ದಿತು. ಜಗತ್ತಿನ ಖಗೋಳಜ್ಞರೆಲ್ಲ ಒಂದೆಡೆ ನೆರೆದಿದ್ದಾಗ ಅವರ ನಡುವಿನ ಹಿರಿಯ ಆಸನವು ಬರಿದಾಯಿತು. ಇತ್ತ ಕಾವಲೂರಿನ ದೊಡ್ಡ ದೂರದರ್ಶಕವು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಇಂಥ ಸಂದರ್ಭಗಳಲ್ಲಿ ಎಷ್ಟೋ ಯೋಜನೆಗಳು ಯಜಮಾನನ ಜತೆಯಲ್ಲೇ ಮಣ್ಣಾಗುವುದನ್ನು ನಾವು ಕಂಡಿದ್ದೇವೆ. ಇಲ್ಲಿ ಹಾಗಾಗಲಿಲ್ಲ. ಸಹೋದ್ಯೋಗಿಗಳಾಗಿದ್ದ ಡಾಕ್ಟರ್ ಜೆ. ಸಿ. ಭಟ್ಟಾಚಾರ್ಯ ಅವರು ನಿರ್ದೇಶಕರ ಹೊಣೆಯನ್ನು ಹೊತ್ತರು; ದರ್ಪಣವನ್ನು ಉಜ್ಜುತ್ತಿದ್ದ ಕೈಗಳು ನಿಲ್ಲಲಿಲ್ಲ. 1985ರ ನವೆಂಬರಿನಲ್ಲಿ ದೂರದರ್ಶಕಕ್ಕೆ ಮೊದಲ ನಕ್ಷತ್ರದ ಬೆಳಕು ಬಿದ್ದಿತು. ಅದೇ ತಿಂಗಳಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಮುಂದಿನ ಮಹಾಸಭೆಯು ಸೇರಿದ್ದು ನಮ್ಮ ಈ ದೆಹಲಿಯಲ್ಲಿಯೇ. 1986ರ ಜನವರಿ 6ರಂದು ಪ್ರಧಾನಿ ರಾಜೀವ ಗಾಂಧಿಯವರು ವೇಧಶಾಲೆಗೂ ದೂರದರ್ಶಕಕ್ಕೂ ವೈನು ಬಾಪ್ಪು ಅವರ ಹೆಸರನ್ನಿಟ್ಟರು. ಆ ಕಾಲಕ್ಕೆ ಅದು ಭಾರತದಲ್ಲಿಯೇ ಅತಿ ದೊಡ್ಡ ದೂರದರ್ಶಕ.

ಮರುವರ್ಷ ನಡೆದ ಒಂದು ಸಂಗತಿಯನ್ನು ಹೇಳದಿದ್ದರೆ ಈ ಚರಿತ್ರೆ ಪೂರ್ತಿಯಾಗದು. 1987ರ ಫೆಬ್ರವರಿ ಕೊನೆಯ ವಾರದಲ್ಲಿ ದೊಡ್ಡ ಮೆಗೆಲನ್ ಮೇಘದೊಳಗೆ, ಮೇಲೆ ಹೇಳಿದ ಎನ್‌ಜಿಸಿ 2070 ಗುಚ್ಛಕ್ಕೆ ಬಹು ದೂರವಲ್ಲದ ಕಡೆ, ಒಂದು ನಕ್ಷತ್ರವು ಸಿಡಿಯಿತು. ದೂರದರ್ಶಕ ಬಂದ ಮೇಲೆ, ಬರಿಗಣ್ಣಿಗೆ ಕಾಣುವಂಥ ಇಷ್ಟು ಪ್ರಕಾಶಮಾನವಾದ ಮಹಾಸ್ಫೋಟವನ್ನು ಮನುಷ್ಯರು ಕಂಡದ್ದು ಅದೇ ಮೊದಲು. ಚಿಲಿ, ಆಸ್ಟ್ರೇಲಿಯಾ, ಆಫ್ರಿಕಗಳ ವೇಧಶಾಲೆಗಳಿಗೆ ಅದು ನೆತ್ತಿಯ ಮೇಲಣ ಹಬ್ಬ. ನೈನಿತಾಲಿಗಾಗಲಿ ದೆಹಲಿಗಾಗಲಿ ಅದರ ಸುದ್ದಿಯಷ್ಟೇ ಸಿಕ್ಕಬಹುದಾಗಿತ್ತು. ಅದು ಇಲ್ಲಿ ಉದಯಿಸುವಂತಿರಲಿಲ್ಲ. ಕಾವಲೂರಿನಲ್ಲಿ ಮಾತ್ರ ಆ ನಕ್ಷತ್ರವು ದಿಗಂತದ ಮೇಲೆ ಎಂಟು ಅಂಶದಷ್ಟು ಏರುತ್ತಿತ್ತು. ಬೆಟ್ಟದ ಅಂಚಿಗೆ ಅದು ತಲೆಯೆತ್ತುವ ಸ್ವಲ್ಪ ಹೊತ್ತನ್ನೇ ಹಿಡಿದು, ದೂರದರ್ಶಕವನ್ನು ನೆಲಕ್ಕೆ ತಾಗುವಂತೆ ಬಗ್ಗಿಸಿ, ಅಲ್ಲಿಯ ವಿಜ್ಞಾನಿಗಳು ಅದರ ರೋಹಿತವನ್ನು ತೆಗೆದರು, ಕಾಂತಿಯನ್ನಳೆದರು, ಪ್ರಕಟಿಸಿದರು. ಇಪ್ಪತ್ತು ವರ್ಷಗಳ ಹಿಂದೆ ಒಬ್ಬರು ನಕಾಶೆಯ ಮೇಲೆ ಬೆರಳನ್ನು ದಕ್ಷಿಣಕ್ಕೆ ಸರಿಸಿದ ಫಲವದು. ಸರಿಸಿದವರು ಆಗ ಇರಲಿಲ್ಲ. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ, ಠೇವಣಿಯಿಟ್ಟವರೊಬ್ಬರು, ಬಡ್ಡಿ ಪಡೆದವರು ಇನ್ನೊಬ್ಬರು; ಮನೆತನಗಳೂ ಸಂಸ್ಥೆಗಳೂ ಬಾಳುವುದು ಇಂಥ ಠೇವಣಿಗಳಿಂದಲೇ.

ಎಂಟು ಅಂಶದ ಎತ್ತರದಿಂದ ಮೆಗೆಲನ್ ಮೇಘಗಳ ಸಾವಿರ ಗುಚ್ಛಗಳನ್ನು ಪರೀಕ್ಷಿಸುವುದು ಸಾಧ್ಯವಿಲ್ಲವೆಂಬುದೂ ನಿಜವೇ. ಅದಕ್ಕೆ ಬೇರೆ ದಾರಿ ದೊರೆತಿದೆ. ಚಿಲಿ ದೇಶದ ಬೆಟ್ಟದ ಮೇಲಿರುವ ಪೋಲೆಂಡಿನವರ ದೂರದರ್ಶಕದಿಂದ ಬಂದ ಮಾಹಿತಿಯನ್ನು ಬಳಸಿ, ಬೆಂಗಳೂರಿನ ಇದೇ ಸಂಸ್ಥೆಯ ಸಂಶೋಧಕರು ತಮ್ಮ ಸಹಯೋಗಿಗಳೊಡನೆ ದೊಡ್ಡ ಮೇಘದ 1072 ತಾರಾಗುಚ್ಛಗಳ ವಯಸ್ಸನ್ನು ಲೆಕ್ಕಹಾಕಿ 2016ರಲ್ಲಿಯೂ, ಚಿಕ್ಕ ಮೇಘದ 179 ಗುಚ್ಛಗಳನ್ನು 2018ರಲ್ಲಿಯೂ ವರ್ಗೀಕರಿಸಿ ಪ್ರಕಟಿಸಿದರು. 2015ರ ಸೆಪ್ಟೆಂಬರ್ 28ರಂದು ಮೇಲೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸುವಲ್ಲಿ ಮುಂದಾಳಾದದ್ದೂ ಆ ಸಂಸ್ಥೆಯೇ. ಅಂತರಿಕ್ಷಕ್ಕೇರಿದ ಕಣ್ಣಿಗೆ ದಿಗಂತದ ಅಡ್ಡಿಯಿಲ್ಲ. ಅತ್ತ ನೈನಿತಾಲಿನ ಸಂಸ್ಥೆಯೂ ಬೆಳೆದು, 2016ರಲ್ಲಿ ಹತ್ತಿರದ ದೇವಸ್ಥಲದಲ್ಲಿ 3.6 ಮೀಟರಿನ ದೂರದರ್ಶಕವನ್ನು ನಿಲ್ಲಿಸಿತು. ಅವರು ಬಿಟ್ಟುಬಂದ ಊರೂ ಬಡವಾಗಲಿಲ್ಲ, ಸೇರಿದ ಊರೂ ಬಡವಾಗಲಿಲ್ಲ. ಒಬ್ಬ ಮನುಷ್ಯನ ವಲಸೆಗೆ ಇದಕ್ಕಿಂತ ಒಳ್ಳೆಯ ತಾಳೆಪಟ್ಟಿ ಬೇಕೆ?

ಬಾಪ್ಪು ಅವರ ಹೆಸರಿನಲ್ಲಿ 2596ನೆಯ ಸಂಖ್ಯೆಯ ಕ್ಷುದ್ರಗ್ರಹವೊಂದು ಸೂರ್ಯನನ್ನು ಸುತ್ತುತ್ತಿದೆ. ಆದರೆ ಅವರ ನಿಜವಾದ ಸ್ಮಾರಕವು ಕಾಡಿನ ನಡುವೆ ರಾತ್ರಿ ಬಾಗಿಲು ತೆರೆಯುವ ಗೋಪುರ, ಕೋರಮಂಗಲದಲ್ಲಿ ಬೆಳಗಿನವರೆಗೆ ಉರಿಯುವ ಒಂದೆರಡು ಕೋಣೆಗಳ ದೀಪ. ವಾಚಕರಲ್ಲಿ ಯಾರಾದರೂ ಈ ಡಿಸೆಂಬರಿನಲ್ಲಿ ಊರಿಗೆ ಹೋದರೆ, ಮಕ್ಕಳನ್ನು ಒಂದು ರಾತ್ರಿ ಬೀದಿದೀಪಗಳಿಲ್ಲದ ಬಯಲಿಗೆ ಕರೆದೊಯ್ದು ದಕ್ಷಿಣಕ್ಕೆ ಮೊಗಮಾಡಿ ನಿಲ್ಲಿಸಲಿ. ಅಗಸ್ತ್ಯನನ್ನು ತೋರಿಸಲಿ. ಅವನ ಕೆಳಗೆ, ನೆಲದಂಚಿನಲ್ಲಿ, ಕಣ್ಣಿಗೆ ಕಂಡೂ ಕಾಣದ ಒಂದು ಬೆಳ್ಳನೆಯ ಮಸುಕು ಇರಬಹುದು. ಮಂಜಿದ್ದರೆ ಅದೂ ಇಲ್ಲ. ಅಷ್ಟರಲ್ಲಿ ಸಾವಿರಾರು ಕೃತ್ತಿಕೆಗಳಿವೆಯೆಂದೂ, ಅವನ್ನು ಎಣಿಸಿದವರು ನಮ್ಮ ಬೆಂಗಳೂರಿನಲ್ಲಿದ್ದಾರೆಂದೂ, ಆ ಎಣಿಕೆಗೆ ಮಣೆ ಹಾಕಿಕೊಟ್ಟು ತಾವು ಮಾತ್ರ ಉಣ್ಣದೆ ಎದ್ದುಹೋದ ಒಬ್ಬರಿದ್ದರೆಂದೂ ಅವರಿಗೆ ಹೇಳಲಿ.